ನಾದ ವಿಳಂಬ: ಮನೆಯ ಧ್ವನಿಮುದ್ರಣದಲ್ಲಿ ಬೇಸ್ ಗಿಟಾರು ಮತ್ತು ಒಂದು ತೊಡಕು

ಕೆರೆಯ ಏರಿಯ ಮೇಲೆ ನಿಂತು ಆಚೆಯ ದಡದಲ್ಲಿ ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಣ್ಣಿಗೆ ಕಾಣುತ್ತದೆ. ಕೈ ಮತ್ತೆ ಮೇಲಕ್ಕೆದ್ದ ಮೇಲೆ ಆ ಪೆಟ್ಟಿನ ಸದ್ದು ಕಿವಿಗೆ ಬೀಳುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ನಡೆಯುತ್ತದೆಂಬ ಪಾಠ ನಮಗೆಲ್ಲ ಈ ದೃಷ್ಟಾಂತದಿಂದಲೇ ಆರಂಭವಾದದ್ದು. ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಮಿಲಿಸೆಕೆಂಡು ಎಂದು ಹೆಸರು. ಒಂದು ಮಿಲಿಸೆಕೆಂಡಿನಲ್ಲಿ ಶಬ್ದ ಒಂದು ಅಡಿಗಿಂತ ತುಸು ಹೆಚ್ಚು ದೂರ ಹೋಗುತ್ತದೆ. ಈ ಒಂದು ಲೆಕ್ಕವನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾದೀತು.

ಸದ್ದು ತಡವಾಗಿ ಬಂದಿತೆಂದು ಆ ಒಗೆಯುವವನಿಗೆ ತಾಳಜ್ಞಾನವಿಲ್ಲವೆಂದು ಯಾರೂ ಹೇಳುವುದಿಲ್ಲ. ನಡುವೆ ನೀರಿದೆ, ದೂರ ಕಣ್ಣಿಗೆ ಕಾಣುತ್ತಿದೆ. ಆದರೆ ಆ ದೂರವೆಲ್ಲ ಮಡಿಸಿಕೊಂಡು ಒಂದು ಪೆಟ್ಟಿಗೆಯೊಳಗೆ ಅಡಗಿ ಕುಳಿತಿದ್ದರೆ? ಕಳೆದ ವರ್ಷ ನಗರಗೆರೆಯ ನಮ್ಮ ಮನೆಯಲ್ಲಿ ಹೀಗೇ ಆಯಿತು. ಪೆಟ್ಟಿಗೆಯ ಅಪರಾಧಕ್ಕೆ ಇಬ್ಬರು ಮನುಷ್ಯರು ಶಿಕ್ಷೆ ಅನುಭವಿಸಿದರು. ನಾನು ಕಲಾ ವಿಭಾಗದ ವಿದ್ಯಾರ್ಥಿ. ಇತಿಹಾಸ, ಅರ್ಥಶಾಸ್ತ್ರಗಳ ಆಚೆಗೆ ನನಗೆ ಹೆಚ್ಚಿನ ಪ್ರವೇಶವಿಲ್ಲ. ಆದರೂ ಕಷ್ಟಪಟ್ಟು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ವಿಜ್ಞಾನ ವಿಭಾಗದ ಮಿತ್ರರು ತಿದ್ದಬೇಕು.

ನಮ್ಮೂರ ಭಜನೆ ಮಂಡಳಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಊರಿನ ಮಕ್ಕಳಿಗೆಲ್ಲ ಅವರು ತಾತ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರ ಕೀರ್ತನೆಗಳು, ತೆಲುಗಿನವೂ ಕನ್ನಡದವೂ, ಅವರ ನಾಲಗೆಯ ಮೇಲಿವೆ. ಆಂಧ್ರದ ಗಡಿಗೆ ಅಂಟಿಕೊಂಡ ಊರಾದ್ದರಿಂದ ನಮಗೆ ಎರಡು ನುಡಿಯೂ ಮನೆಯವೇ. ಪದಗಳ ಸಾಹಿತ್ಯ ಪುಸ್ತಕದಲ್ಲಿ ಸಿಕ್ಕೀತು. ತಾತ ಹಾಡುವ ಮಟ್ಟು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರಿಗೀಗ 78 ವರ್ಷ. ಆ ಮಟ್ಟುಗಳನ್ನು ಅವರ ಕಂಠದಲ್ಲಿಯೇ ಮುದ್ರಿಸಿ ಇಟ್ಟುಕೊಳ್ಳಬೇಕೆಂದು ನಾನೂ ನನ್ನ ದೊಡ್ಡಪ್ಪನ ಮಗನೂ ಹವಣಿಸಿದೆವು. ಅಣ್ಣ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಯಾರೋ ಮಾರುತ್ತಿದ್ದ ನಾಲ್ಕು ತಂತಿಯ ಬೇಸ್ ಗಿಟಾರೊಂದನ್ನು ಕೊಂಡು, ಎರಡು ವರ್ಷ ತಾನೇ ಅಭ್ಯಾಸ ಮಾಡಿದ್ದ. ಹಾರ್ಮೋನಿಯಂ, ತಾಳ, ತಾತನ ಹಾಡು, ಅದರ ಕೆಳಗೆ ಅವನ ಮಂದ್ರಸ್ವರ: ಇದು ನಮ್ಮ ಯೋಜನೆ. ನನ್ನ ಹಳೆಯ ಲ್ಯಾಪ್‌ಟಾಪೇ ನಮ್ಮ ಸ್ಟುಡಿಯೊ.

ಮೊದಲ ಸಂಜೆ ಹಾರ್ಮೋನಿಯಂ ಮತ್ತು ತಾಳವನ್ನು ಮುದ್ರಿಸಿಕೊಂಡೆವು. ಅದನ್ನು ಕೇಳಿಕೊಂಡು ತಾತ ಹಾಡಬೇಕು. ಅವರ ಮೊಮ್ಮಗನ ತಂತಿಯಿಲ್ಲದ ಇಯರ್‌ಫೋನನ್ನು ಅವರ ಕಿವಿಗೆ ಸಿಕ್ಕಿಸಿದೆವು. ಅವರ ಧ್ವನಿ ಅವರಿಗೂ ಚೆನ್ನಾಗಿ ಕೇಳಿಸಲಿ ಎಂದು ಅದನ್ನೂ ಲ್ಯಾಪ್‌ಟಾಪಿನ ಮೂಲಕ ಅದೇ ಇಯರ್‌ಫೋನಿಗೆ ಹಾಯಿಸಿದೆವು. ಉಪಚಾರವೆಂದುಕೊಂಡು ಮಾಡಿದ್ದೇ ಅಪಚಾರವಾಯಿತು. ಪಲ್ಲವಿ ಮುಗಿಯುವಷ್ಟರಲ್ಲಿ ತಾತನ ಬಾಯಿ ತಡವರಿಸತೊಡಗಿತು. ಅಕ್ಷರಗಳು ಎಳೆದುಕೊಂಡವು, ಒಂದೇ ಮಾತು ಎರಡು ಸಲ ಬಂತು. ನಲವತ್ತು ವರ್ಷದಿಂದ ಶನಿವಾರ ಶನಿವಾರ ಹಾಡಿದ ಪದ ಅದು. ಮೂರು ಸಲ ಪ್ರಯತ್ನಿಸಿ, ಇಯರ್‌ಫೋನು ತೆಗೆದಿಟ್ಟು, "ಹೋಗ್ಲಿ ಬಿಡಪ್ಪಾ, ನಂಗೆ ವಯಸ್ಸಾಯ್ತು. ಬುದ್ಧಿ ನಿಲ್ತಾ ಇಲ್ಲ" ಎಂದು ಎದ್ದುಹೋದರು. ಮುಂದಿನ ಶನಿವಾರ ಅವರು ಭಜನೆಗೂ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ಅಣ್ಣನ ಪಾಡೂ ಇಷ್ಟೇ. ಎಷ್ಟು ಸಲ ನುಡಿಸಿದರೂ ಅವನ ಪ್ರತಿಯೊಂದು ಸ್ವರವೂ ತಾಳದ ಪೆಟ್ಟಾದ ಮೇಲೆ ಬಂದು ಬೀಳುತ್ತಿತ್ತು, ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಓಡಿ ಬಂದವನ ಹಾಗೆ. ಹಾರ್ಮೋನಿಯಂ ನುಡಿಸುವವರು ಕೇಳಿ, "ಇವನಿಗೆ ಕೈ ಇದೆ, ಲಯ ಇಲ್ಲ" ಎಂದು ತೀರ್ಪು ಕೊಟ್ಟರು. ಸಂಗೀತಗಾರನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಣ್ಣ ಗಿಟಾರನ್ನು ಮಾರಿಬಿಡಲು ನಿಶ್ಚಯಿಸಿ, ಕೊಳ್ಳುವವರನ್ನೂ ಗೊತ್ತುಮಾಡಿದ.

ಮುಂದೆ ಹೋಗುವ ಮೊದಲು ಈ ವಾದ್ಯದ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ನಮ್ಮ ಕಡೆಯವರಲ್ಲಿ ಅನೇಕರು ಇದನ್ನು ಕೇಳಿದ್ದಾರೆ, ಆದರೆ ಕೇಳಿದ್ದೇವೆಂದು ಅರಿಯರು. ಶಂಕರ್ ನಾಗ್ ನಿರ್ದೇಶಿಸಿ, ಇಳಯರಾಜಾ ಸಂಗೀತ ಕೊಟ್ಟ 1981ರ "ಗೀತಾ" ಚಿತ್ರದ ಹಾಡುಗಳನ್ನು ಕೇಳುವಾಗ ಗಾಯಕರ ಧ್ವನಿಯನ್ನು ಒಂದು ಕ್ಷಣ ಮರೆತು, ಅದರ ಕೆಳಗೆ ಏನು ನಡೆಯುತ್ತಿದೆಯೆಂದು ಕಿವಿಗೊಟ್ಟರೆ ಬೇಸ್ ಗಿಟಾರು ಸಿಗುತ್ತದೆ. ಮನೆಗೆ ಅಡಿಪಾಯ ಇದ್ದ ಹಾಗೆ: ಇದ್ದಾಗ ಕಾಣದು, ಇಲ್ಲದಾಗ ಗೋಡೆ ಬಿರಿಯುತ್ತದೆ. ಹಿಂದೆ ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಎಂಬ ಪಿಟೀಲಿನ ಜಾತಿಯ ವಾದ್ಯ ಮಾಡುತ್ತಿತ್ತು. ಅದನ್ನು ಹೊತ್ತು ತಿರುಗುವುದು ಕಷ್ಟ, ಗದ್ದಲದಲ್ಲಿ ಅದರ ಸದ್ದು ಕೇಳುವುದೂ ಕಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್ ಎಂಬಾತ 1951ರಲ್ಲಿ ಮೆಟ್ಟಿಲುಗಳಿರುವ, ಕೊರಳಿಗೆ ತೂಗುಹಾಕಿಕೊಳ್ಳಬಹುದಾದ ವಿದ್ಯುತ್ ಬೇಸನ್ನು ಮಾರಾಟಕ್ಕೆ ತಂದ. ಅದಕ್ಕೆ ಪ್ರೆಸಿಷನ್ ಬೇಸ್ ಎಂದು ಹೆಸರಿಟ್ಟ. ಮೆಟ್ಟಿಲಿರುವುದರಿಂದ ಸ್ವರ ಕರಾರುವಾಕ್ಕಾಗಿ ನಿಲ್ಲುತ್ತದೆಂದು ಅರ್ಥ. ಫೆಂಡರನಿಗೆ ಸ್ವತಃ ಗಿಟಾರು ನುಡಿಸಲು ಬರುತ್ತಿರಲಿಲ್ಲವೆಂಬುದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ.

ಈ ವಾದ್ಯದ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಉಳಿದವು 55, 73, 98. ತಂತಿಯ ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ ಇರುತ್ತದೆ. ಅದೇ ಪಿಕಪ್ಪು. ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಇದು ಬಹಳ ಬಡಪಾಯಿ ವಿದ್ಯುತ್ತು. ಸಿಕ್ಕಿದ ಕಡೆಗೆ ಚುಚ್ಚಿದರೆ ಸೊರಗುತ್ತದೆ. ಲ್ಯಾಪ್‌ಟಾಪಿನ ಮೈಕಿನ ತೂತು ಇದಕ್ಕಾಗಿ ಮಾಡಿದ್ದಲ್ಲ. ನಾವು ಅಲ್ಲಿಗೇ ಚುಚ್ಚಿ, ಸ್ವರ ಮಂಕಾಯಿತೆಂದು ಗಿಟಾರನ್ನು ಬೈದೆವು. ಆಡಿಯೊ ಇಂಟರ್‌ಫೇಸ್ ಎಂಬ ಸಣ್ಣ ಪೆಟ್ಟಿಗೆಗಳಲ್ಲಿ ವಾದ್ಯಕ್ಕೆಂದೇ ಗುರುತು ಮಾಡಿದ, ಹತ್ತು ಲಕ್ಷ ಓಮ್‌ಗಳ ಆಸುಪಾಸಿನ ಪ್ರತಿರೋಧವುಳ್ಳ ತೂತು ಇರುತ್ತದೆ. ಗಿಟಾರಿಗೆ ಬೇಕಾದದ್ದು ಅದು. ಭಜನೆ ಮಂದಿರದ ಕಹಳೆ ಸ್ಪೀಕರಿನಲ್ಲಿ ಬೇಸ್ ಕೇಳಿಸುವ ಆಸೆಯನ್ನು ಮಾತ್ರ ಬಿಡಬೇಕು. ಅದು ಮಾತಿಗೆ ಹುಟ್ಟಿದ ಯಂತ್ರ, ಮಂದ್ರ ಅದರ ಗಂಟಲಿನಿಂದ ಹೊರಡದು.

ಈಗ ಮುಖ್ಯ ವಿಷಯಕ್ಕೆ ಬರೋಣ. ತಂತಿ ಮೀಟಿದ ಕ್ಷಣಕ್ಕೂ ಆ ಸ್ವರ ಕಂಪ್ಯೂಟರಿನ ಮೂಲಕ ಹಾದು ಕಿವಿಗೆ ಬರುವ ಕ್ಷಣಕ್ಕೂ ನಡುವಿನ ಅಂತರಕ್ಕೆ ಲೇಟೆನ್ಸಿ ಎನ್ನುತ್ತಾರೆ. ನಾನು ವಿಳಂಬ ಎನ್ನುತ್ತೇನೆ. ಅದು ಎಲ್ಲಿ ಹುಟ್ಟುತ್ತದೆ?

ಕಂಪ್ಯೂಟರು ನಾದವನ್ನು ಹೊಳೆಯ ನೀರಿನಂತೆ ಒಂದೇ ಹರಿವಾಗಿ ತೆಗೆದುಕೊಳ್ಳಲಾರದು. ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ. ಈ ಅಳತೆಗೆ ಸ್ಯಾಂಪಲ್ ಎಂದು ಹೆಸರು. ಬಂದ ಸ್ಯಾಂಪಲನ್ನು ಆಗಿಂದಾಗಲೇ ಸಾಗಿಸುವುದೂ ಇಲ್ಲ. ಗೌರಿಬಿದನೂರಿನ ಶೇರ್ ಆಟೋ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲು ಹತ್ತಿದವನು ಎಷ್ಟೇ ಅವಸರದವನಾಗಿರಲಿ, ಸೀಟು ತುಂಬುವವರೆಗೆ ಆಟೋ ಹೊರಡುವುದಿಲ್ಲ. ಕಂಪ್ಯೂಟರಿನ ಆ ಆಟೋಕ್ಕೆ ಬಫರ್ ಎನ್ನುತ್ತಾರೆ. ಬಫರಿನ ಸೀಟು 1,024 ಆಗಿದ್ದರೆ ಅದು ತುಂಬಲು 23 ಮಿಲಿಸೆಕೆಂಡು ಬೇಕು. 512 ಆಗಿದ್ದರೆ 11.6, 256ಕ್ಕೆ 5.8, 128ಕ್ಕೆ 2.9. ಒಳಗೆ ಬರುವಾಗ ಒಂದು ಆಟೋ, ಹೊರಗೆ ಹೋಗುವಾಗ ಇನ್ನೊಂದು. ಇವುಗಳ ಜೊತೆಗೆ ನಾದವನ್ನು ಸಂಖ್ಯೆಯಾಗಿಯೂ ಸಂಖ್ಯೆಯನ್ನು ಮರಳಿ ನಾದವಾಗಿಯೂ ಮಾಡುವ ಪರಿವರ್ತಕಗಳು, ಯುಎಸ್‌ಬಿ ದಾರಿ, ಜಾಗ್ರತೆಗೆಂದು ಚಾಲಕ ತಂತ್ರಾಂಶ ಗುಟ್ಟಾಗಿ ಇಟ್ಟುಕೊಳ್ಳುವ ಇನ್ನಷ್ಟು ಸೀಟು, ಇವೆಲ್ಲ ಸೇರುತ್ತವೆ.

ಹಾಗಾದರೆ ಸೀಟು ಕಡಮೆ ಮಾಡಿಬಿಟ್ಟರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ನಾವೂ ಹಾಗೇ ಮಾಡಿದೆವು, ಲ್ಯಾಪ್‌ಟಾಪು ಚಟಪಟ ಎಂದು ಹುರಿಗಡಲೆಯಂತೆ ಸಿಡಿಯತೊಡಗಿತು. ಕಾರಣವಿಷ್ಟೆ: ಸೀಟು 1,024 ಇದ್ದಾಗ ಯಂತ್ರ ಸೆಕೆಂಡಿಗೆ 43 ಸಲ ಓಡಾಡಿದರೆ ಸಾಕು, 128 ಆದರೆ 344 ಸಲ ಓಡಾಡಬೇಕು. ನಡುವೆ ವೈಫೈ ಕರೆದರೆ, ಆ್ಯಂಟಿವೈರಸ್ ಎದ್ದರೆ, ವಿದ್ಯುತ್ ಉಳಿಸಲೆಂದು ಯಂತ್ರ ತೂಕಡಿಸಿದರೆ ಒಂದು ಟ್ರಿಪ್ಪು ತಪ್ಪುತ್ತದೆ, ಆ ಜಾಗದಲ್ಲಿ ನಾದ ಹರಿದುಹೋಗುತ್ತದೆ. ಆದಕಾರಣ ಬಫರನ್ನು ಇಳಿಸುವ ಮುನ್ನ ಇವುಗಳನ್ನೆಲ್ಲ ಮಲಗಿಸಬೇಕು, ವಿದ್ಯುತ್ ಉಳಿತಾಯವನ್ನು ತೆಗೆದುಹಾಕಬೇಕು. ಸ್ಯಾಂಪಲಿನ ವೇಗವನ್ನು 96,000ಕ್ಕೆ ಏರಿಸಿದರೆ ಆಟೋ ಬೇಗ ತುಂಬುವುದು ನಿಜ; ಆದರೆ ಯಂತ್ರದ ದುಡಿಮೆ ಇಮ್ಮಡಿಗೂ ಮಿಗಿಲಾಗುವುದರಿಂದ ನಮ್ಮಂಥವರ ಹಳೆಯ ಲ್ಯಾಪ್‌ಟಾಪಿಗೆ ಅದು ಹೇಳಿದ ಮಾತಲ್ಲ.

ಇನ್ನೊಂದು ಕಾರಣ ಚಾಲಕ ತಂತ್ರಾಂಶದ್ದು, ಅಂದರೆ ಡ್ರೈವರಿನದು. ವಿಂಡೋಸಿನ ಹಳೆಯ ಮಾಮೂಲು ಹಾದಿಯಲ್ಲಿ ನಾದವು ಚಿತ್ರಗೀತೆ, ಗಂಟೆಯ ಸದ್ದು, ಆಟದ ಗುಂಡಿನ ಸದ್ದುಗಳೊಡನೆ ಸರದಿಯಲ್ಲಿ ನಿಂತು ಬೆರೆಕೆಯಾಗಿ ಹೋಗಬೇಕು. ಹಾಡು ಕೇಳುವವನಿಗೆ ಇದರಿಂದ ನಷ್ಟವಿಲ್ಲ, ನುಡಿಸುವವನಿಗೆ ಪ್ರಾಣಸಂಕಟ. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ಈ ಸರದಿಯನ್ನು ತಪ್ಪಿಸಿ ನೇರವಾಗಿ ಪೆಟ್ಟಿಗೆಗೆ ಹೋಗುವ ಏಷಿಯೊ ಎಂಬ ಒಳದಾರಿಯನ್ನು ಹೊರತಂದಿತು. ಒಳ್ಳೆಯ ಇಂಟರ್‌ಫೇಸುಗಳೊಡನೆ ಅದರ ಸ್ವಂತ ಏಷಿಯೊ ಡ್ರೈವರು ಸಿಗುತ್ತದೆ. ಅದಿಲ್ಲದವರು ಏಷಿಯೊ-ಫೋರ್-ಆಲ್ ಎಂಬ ಸಾಮಾನ್ಯ ಡ್ರೈವರನ್ನು ಬಳಸಿ ಬಹುಮಟ್ಟಿಗೆ ಸುಧಾರಿಸಿಕೊಳ್ಳಬಹುದು.

ಈ ವಿಳಂಬ ಕಂಪ್ಯೂಟರು ಬಂದ ಮೇಲೆ ಹುಟ್ಟಿದ ಪಿಡುಗೆಂದು ತಿಳಿಯಬಾರದು. ಟೇಪಿನ ಕಾಲದಲ್ಲಿಯೂ ಇದಿತ್ತು. ಟೇಪ್ ಯಂತ್ರದಲ್ಲಿ ಮುದ್ರಿಸುವ ತಲೆ ಒಂದು, ಓದುವ ತಲೆ ಇನ್ನೊಂದು, ನಡುವೆ ಒಂದೆರಡು ಅಂಗುಲದ ಸಂದು. ಟೇಪು ಸೆಕೆಂಡಿಗೆ 15 ಅಂಗುಲ ಓಡುತ್ತಿದ್ದರೆ, 2 ಅಂಗುಲದ ಸಂದಿಗೆ 133 ಮಿಲಿಸೆಕೆಂಡು. ಮೊದಲು ಮುದ್ರಿಸಿದ ಹಾಡನ್ನು ಓದುವ ತಲೆಯಲ್ಲಿ ಕೇಳುತ್ತ ಎರಡನೆಯ ವಾದ್ಯವನ್ನು ಪಕ್ಕದ ಪಟ್ಟಿಯಲ್ಲಿ ಮುದ್ರಿಸಿದರೆ ಎರಡೂ ಅಷ್ಟು ಅಂತರದಲ್ಲಿ ಬೀಳುತ್ತಿದ್ದವು. 1950ರ ದಶಕದ ಮಧ್ಯದಲ್ಲಿ ಆಂಪೆಕ್ಸ್ ಸಂಸ್ಥೆಯವರು ಕಂಡುಹಿಡಿದ ಉಪಾಯ ಸರಳವಾದದ್ದು: ಮುದ್ರಿಸುವ ತಲೆಯಿಂದಲೇ ಹಳೆಯದನ್ನು ಓದಿಸಿದರು. ಸಂದೇ ಇಲ್ಲವೆಂದ ಮೇಲೆ ವಿಳಂಬವೆಲ್ಲಿಯದು? 1957ರಲ್ಲಿ ಲೆಸ್ ಪಾಲ್ ಎಂಬ ಗಿಟಾರು ವಾದಕ ಈ ಬಗೆಯ ಎಂಟು ಪಟ್ಟಿಯ ಯಂತ್ರವನ್ನು ಮನೆಗೆ ತರಿಸಿಕೊಂಡ. ನಮಗಿಂತ ಮೊದಲು ಮನೆಯಲ್ಲಿ ಕುಳಿತು ಇದೇ ಪಾಡು ಪಟ್ಟವರಿದ್ದರೆಂದು ಓದಿದಾಗ ಅರ್ಧ ದುಃಖ ಕಡಮೆಯಾಯಿತು.

ನಾವು ಬಹಳ ದಿನ ದಾರಿತಪ್ಪಿದ್ದು ಒಂದು ಕಡೆ. ವಿಳಂಬದಲ್ಲಿ ಎರಡು ಬಗೆಯ ತೊಂದರೆಗಳಿವೆ; ನಾವು ಎರಡನ್ನೂ ಒಂದೆಂದುಕೊಂಡಿದ್ದೆವು. ನುಡಿಸುತ್ತಿರುವಾಗಲೇ ತನ್ನ ಸ್ವರ ತನಗೆ ತಡವಾಗಿ ಕೇಳುವುದು ಒಂದು. ಇದು ನುಡಿಸುವವನ ಮನಸ್ಸನ್ನು ಕೆಡಿಸುತ್ತದೆ. ಸ್ವರ ತಡವಾಯಿತೆಂದು ಅವನು ಮುಂದಿನದನ್ನು ಅವಸರಿಸುತ್ತಾನೆ, ಅವಸರವಾಯಿತೆಂದು ಹಿಂಜರಿಯುತ್ತಾನೆ, ಕೊನೆಗೆ ಎಲ್ಲಿಯೂ ನೆಲೆ ನಿಲ್ಲುವುದಿಲ್ಲ. ಎರಡನೆಯದು ಹೀಗಲ್ಲ. ನುಡಿಸಿದ್ದು ಸರಿಯಾಗಿಯೇ ಇದ್ದರೂ ಯಂತ್ರ ಅದನ್ನು ಬರೆದಿಡುವಾಗ ಹಳೆಯ ಮುದ್ರಣದ ಪಕ್ಕದಲ್ಲಿ ತಡವಾದ ಜಾಗದಲ್ಲಿ ಇಡುತ್ತದೆ. ಮೊದಲನೆಯದು ಕೈಯನ್ನು ಕೆಡಿಸುವ ರೋಗ, ಎರಡನೆಯದು ಬರೀ ಲೆಕ್ಕದ ತಪ್ಪು. ಮೊದಲನೆಯದಕ್ಕೆ ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಎಂಬ ತಿರುಗುಗುಂಡಿ ಇರುತ್ತದೆ. ಅದು ಸ್ವರವನ್ನು ಕಂಪ್ಯೂಟರಿಗೆ ಕಳಿಸುವ ಮೊದಲೇ ನೇರವಾಗಿ ಕಿವಿಗೆ ತಿರುಗಿಸಿಬಿಡುತ್ತದೆ. ಆಗ ತಂತ್ರಾಂಶದಿಂದ ಬರುವ ಅದೇ ಸ್ವರವನ್ನು ಮುಚ್ಚಲು ಮರೆಯಬಾರದು. ಮರೆತರೆ ಬಾವಿಯೊಳಗೆ ಕೂಗಿದಂತೆ ಎರಡೆರಡು ಕೇಳುತ್ತದೆ. ಎರಡನೆಯದಕ್ಕೆ ಈ ಗುಂಡಿಯಿಂದ ಉಪಯೋಗವಿಲ್ಲ. ಅದಕ್ಕೆ ಅಳತೆಯೊಂದೇ ಮದ್ದು.

ಅಳೆಯುವ ಕ್ರಮ ಇಷ್ಟು. ತಂತ್ರಾಂಶದಲ್ಲಿ ಟಿಕ್ ಟಿಕ್ ಎಂಬ ಲಯದ ಪೆಟ್ಟುಗಳ ಒಂದು ಪಟ್ಟಿಯನ್ನು ಮಾಡಿಟ್ಟುಕೊಳ್ಳಬೇಕು. ಅದನ್ನು ನುಡಿಸುತ್ತ, ಇಂಟರ್‌ಫೇಸಿನ ಹೊರತೂತಿನಿಂದ ಒಳತೂತಿಗೆ ಒಂದು ತಂತಿ ಹಾಕಿ ಅದೇ ಪೆಟ್ಟನ್ನು ಮರಳಿ ಮುದ್ರಿಸಬೇಕು. ಇಂಟರ್‌ಫೇಸು ಇಲ್ಲದಿದ್ದರೆ ಇಯರ್‌ಫೋನನ್ನು ಮೈಕಿನ ಬಾಯಿಗೆ ಒತ್ತಿ ಹಿಡಿದರೂ ನಡೆದೀತು. ಬಳಿಕ ಚಿತ್ರವನ್ನು ಹಿಗ್ಗಿಸಿ, ಮೂಲ ಪೆಟ್ಟು ಎಲ್ಲಿ ಎದ್ದಿದೆ, ಮರಳಿ ಬಂದದ್ದು ಎಲ್ಲಿ ಎದ್ದಿದೆ ಎಂದು ಸ್ಯಾಂಪಲುಗಳನ್ನು ಎಣಿಸಬೇಕು. ನಾವು ಎಣಿಸಿದಾಗ ಮೂರು ಸಲವೂ 5,300ರ ಆಸುಪಾಸಿಗೆ ಬಂತು. 44,100ರಿಂದ ಭಾಗಿಸಿದರೆ 120 ಮಿಲಿಸೆಕೆಂಡು. ಮೊದಲು ಹೇಳಿದ ಲೆಕ್ಕ ಇಲ್ಲಿ ಬೇಕಾಗುತ್ತದೆ: 120 ಮಿಲಿಸೆಕೆಂಡಿನಲ್ಲಿ ಶಬ್ದ ಸುಮಾರು 41 ಮೀಟರು ಹೋಗುತ್ತದೆ. ಅಂದರೆ ಅಣ್ಣನನ್ನು ನಮ್ಮ ನಡುಮನೆಯಲ್ಲಿ ಕೂರಿಸಿ, ಅವನ ಸ್ಪೀಕರನ್ನು ಬೀದಿಯ ಕೊನೆಯ ಮನೆಯಲ್ಲಿಟ್ಟು, "ತಾಳಕ್ಕೆ ಸರಿಯಾಗಿ ನುಡಿಸು" ಎಂದು ಗದರಿದ್ದೆವು. ನಮ್ಮ ಪದದ ನಡೆ ನಿಮಿಷಕ್ಕೆ ಸುಮಾರು 90 ಪೆಟ್ಟು; ಎರಡು ಪೆಟ್ಟಿನ ನಡುವೆ 667 ಮಿಲಿಸೆಕೆಂಡು. 120 ಎಂದರೆ ಅದರ ಆರನೆಯ ಒಂದು ಭಾಗಕ್ಕೂ ಮಿಗಿಲು. ಯಾರ ಕಿವಿಗಾದರೂ ತಪ್ಪು ತಪ್ಪೆಂದೇ ಕೇಳುತ್ತದೆ.

ಇಲ್ಲಿ ನನಗೆ ನಮ್ಮ ತಾಲ್ಲೂಕಿನ ಎರಡು ಸಂಸ್ಥೆಗಳ ನೆನಪಾಯಿತು. ಗೌರಿಬಿದನೂರಿನ ಬಳಿ 1965ರಲ್ಲಿ ನಮ್ಮ ಪರಮಾಣು ಶಕ್ತಿ ಇಲಾಖೆಯವರು ಬ್ರಿಟಿಷರ ಸಹಕಾರದಿಂದ ಭೂಕಂಪ ಮಾಪಕಗಳ ಒಂದು ಸಾಲನ್ನು ಹೂಡಿದರು. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ, ಹೊಲಗಳ ನಡುವೆ, ದೂರದೂರಕ್ಕೆ ಮಾಪಕಗಳು. ಭೂಮಿಯ ಅಲೆ ಎಲ್ಲ ಮಾಪಕಗಳಿಗೂ ಒಂದೇ ಸಲಕ್ಕೆ ತಲಪುವುದಿಲ್ಲ. ಒಂದಕ್ಕೆ ಮೊದಲು, ಇನ್ನೊಂದಕ್ಕೆ ತುಸು ತಡವಾಗಿ. ಆ ತಡದಿಂದಲೇ ಅಲೆ ಯಾವ ದಿಕ್ಕಿನಿಂದ, ಯಾವ ವೇಗದಲ್ಲಿ ಬಂತೆಂದು ಲೆಕ್ಕ ಹಾಕುತ್ತಾರೆ. 1970ರ ದಶಕದಲ್ಲಿ ಅದೇ ಸೀಮೆಯಲ್ಲಿ ಎದ್ದ ರೇಡಿಯೊ ದೂರದರ್ಶಕದ್ದೂ ಇದೇ ಜಾಡು. ಅದರ 1,000 ಆಂಟೆನಾಗಳನ್ನು ಟಿ ಅಕ್ಷರದಂತೆ ನೆಟ್ಟಿದ್ದರು. ಪೂರ್ವ ಪಶ್ಚಿಮದ ತೋಳಿನ ಉದ್ದ 1.4 ಕಿಲೋಮೀಟರು. ಈ ತುದಿಯಿಂದ ಆ ತುದಿಗೆ ರೇಡಿಯೊ ಅಲೆ ಹೋಗಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಐದು ಭಾಗವೂ ಬೇಡ. ಆದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡು, ಮೊದಲು ಬಂದದ್ದನ್ನು ಅಷ್ಟು ತಡೆದು ನಿಲ್ಲಿಸಿ, ಹಿಂದೆ ಬಂದದ್ದರ ಜೊತೆ ಕೂಡಿಸಿದರೆ ಮಾತ್ರ ಆಕಾಶದ ಚಿತ್ರ ಮೂಡುತ್ತದೆ. ಆ ತಂತಿಗಳನ್ನು ಬಸ್ಸಿನ ಕಿಟಕಿಯಿಂದ ನೋಡಿಕೊಂಡೇ ಕಾಲೇಜಿಗೆ ಬರುವ ಗೆಳೆಯರು ನನಗಿದ್ದಾರೆ. ಅವು ಏನು ಮಾಡುತ್ತವೆಂದು ನಮ್ಮಲ್ಲಿ ಯಾರೂ ಕೇಳಿದವರಲ್ಲ. ಎಷ್ಟೆಂದು ತಿಳಿದಿರುವ, ಏರುಪೇರಾಗದ ವಿಳಂಬ ಅಲ್ಲಿಯವರಿಗೆ ತೊಡಕಲ್ಲ, ಸಾಧನ.

ಹಾಗಿದ್ದ ಮೇಲೆ ನಮ್ಮ 5,300 ಕೂಡ ಏಕೆ ತೊಡಕಾಗಬೇಕು? ಅಣ್ಣ ಮೂರನೆಯ ದಿನ ಬೇಸತ್ತು, ತನ್ನ ವಾದ್ಯದ ಸ್ವರವನ್ನು ಇಯರ್‌ಫೋನಿನಲ್ಲಿ ಮುಚ್ಚಿಬಿಟ್ಟು, ತಾಳವೊಂದನ್ನೇ ಕೇಳುತ್ತ, ಎದೆಗೆ ತಾಗಿದ ಮರದ ಅದುರನ್ನೇ ನಂಬಿ ನುಡಿಸಿದ ಒಂದು ಮುದ್ರಣ ಉಳಿದಿತ್ತು. ಅದನ್ನು ತೆರೆದು, ಇಡಿಯ ಪಟ್ಟಿಯನ್ನು 5,300 ಸ್ಯಾಂಪಲ್ ಹಿಂದಕ್ಕೆ ಎಳೆದು, ಕೇಳಿದೆವು. ಮೊದಲ ಪೆಟ್ಟಿನಿಂದ ಕೊನೆಯ ಪೆಟ್ಟಿನವರೆಗೆ ತಾಳದ ಮೇಲೆ ಬೇಸ್ ಕುಳಿತಿತ್ತು. ಅಣ್ಣ ಮಾತಾಡಲಿಲ್ಲ. ಎದ್ದುಹೋಗಿ ಕೈಕಾಲು ತೊಳೆದುಕೊಂಡು ಬಂದು, "ಇನ್ನೊಂದ್ಸಲ ಹಾಕು" ಎಂದ. ಏಳೆಂಟು ಸಲ ಹಾಕಿಸಿದ. ಹಾರ್ಮೋನಿಯಂನವರನ್ನು ಕರೆತಂದು ಕೇಳಿಸಿದಾಗ ಅವರು, "ಇದು ಹೊಸದಾಗಿ ನುಡಿಸಿದ್ದಾ?" ಎಂದರು. ಅಲ್ಲವೆಂದರೆ ನಂಬಲಿಲ್ಲ. ಮೊದಲೆರಡು ದಿನ, ತಡವಾದ ಸ್ವರವನ್ನು ಕೇಳಿಕೊಂಡು ನುಡಿಸಿದ ಮುದ್ರಣಗಳನ್ನು ಮಾತ್ರ ಎಷ್ಟು ಎಳೆದರೂ ಸರಿಹೋಗಲಿಲ್ಲ. ಅಲ್ಲಿ ಕೆಟ್ಟದ್ದು ಲೆಕ್ಕವಲ್ಲ, ಕೈ.

ಈ ಎಳೆಯುವ ಕೆಲಸವನ್ನು ತಂತ್ರಾಂಶವೇ ಮಾಡುವಂತೆ ಏರ್ಪಡಿಸಬಹುದು. ರೀಪರ್‌ನಂಥವು ಡ್ರೈವರು ಹೇಳಿದ ವಿಳಂಬವನ್ನು ನಂಬಿ ತಾವೇ ತಿದ್ದಿಕೊಳ್ಳುತ್ತವೆ. ಡ್ರೈವರು ಸುಳ್ಳು ಹೇಳಿದರೆ ಉಳಿದ ವ್ಯತ್ಯಾಸವನ್ನು ನಾವು ಅಳೆದು ತುಂಬಬೇಕು. ಪುಕ್ಕಟೆಯಾಗಿ ಸಿಗುವ ಅಡಾಸಿಟಿಯಲ್ಲಿ ತಯಾರಕರೇ 130 ಮಿಲಿಸೆಕೆಂಡು ಹಿಂದಕ್ಕೆಳೆಯುವ ಸಂಖ್ಯೆಯನ್ನು ಬರೆದಿಟ್ಟಿರುತ್ತಾರೆ. ಅದು ಊರಿಗೆಲ್ಲ ಒಂದೇ ಅಳತೆಯ ಅಂಗಿ, ಅಳೆದು ಬದಲಾಯಿಸಿಕೊಳ್ಳಬೇಕು. ನಾವು ಬಳಸುತ್ತಿದ್ದ ತಂತ್ರಾಂಶದಲ್ಲಿ ಆ ಜಾಗದಲ್ಲಿ ಸೊನ್ನೆ ಇತ್ತು.

ಗಿಟಾರು ಮಾರುವ ಮಾತು ಅಲ್ಲಿಗೆ ನಿಂತಿತು. ಅದರ ಬದಲು ಅಣ್ಣ ಬೆಂಗಳೂರಿಗೆ ಹೋಗಿ ಎರಡು ಒಳತೂತಿನ, ಯಾರೋ ಬಳಸಿ ಬಿಟ್ಟ ಇಂಟರ್‌ಫೇಸನ್ನು ತಂದ. ಏಷಿಯೊ ಡ್ರೈವರು ಹಾಕಿ, ಬಫರು 128ಕ್ಕೆ ಇಳಿಸಿ ಅಳೆದಾಗ ಹೋಗಿ ಬರುವ ಒಟ್ಟು ವಿಳಂಬ 480 ಸ್ಯಾಂಪಲು, ಅಂದರೆ 11 ಮಿಲಿಸೆಕೆಂಡು. ಶಬ್ದದ ಲೆಕ್ಕದಲ್ಲಿ ನಾಲ್ಕು ಮೀಟರಿಗೂ ಒಳಗೆ. ವೇದಿಕೆಯ ಮೇಲೆ ಬೇಸ್ ನುಡಿಸುವವನು ತನ್ನ ಸ್ಪೀಕರಿನಿಂದ ಅಷ್ಟು ದೂರ ನಿಲ್ಲುವುದು ಸಾಮಾನ್ಯ. ಅದಕ್ಕೆ ಯಾರ ತಾಳವೂ ತಪ್ಪುವುದಿಲ್ಲ.

ಉಳಿದದ್ದು ತಾತನ ಕಥೆ, ನಿಜಕ್ಕೂ ನನ್ನನ್ನು ಕಾಡಿದ್ದು ಅದೇ. ತಂತಿಯಿಲ್ಲದ ಇಯರ್‌ಫೋನು ನಾದವನ್ನು ಮೊದಲು ಅಡಕಗೊಳಿಸಿ, ಬಾನಿನಲ್ಲಿ ಕಳಿಸಿ, ಮತ್ತೆ ಬಿಡಿಸಿಕೊಳ್ಳುತ್ತದೆ. ಅದರ ವಿಳಂಬವೇ ಬೇರೆ. ಮೈಕಿನ ಬಾಯಿಗೆ ಒತ್ತಿ ಅಳೆದಾಗ ಒಟ್ಟು ಸುಮಾರು 250 ಮಿಲಿಸೆಕೆಂಡು ಬಂತು, ಅದೂ ಒಂದು ಸಲ ಬಂದಂತೆ ಇನ್ನೊಂದು ಸಲ ಬರಲಿಲ್ಲ. ಕಾಲು ಸೆಕೆಂಡು! ಇದರ ಪರಿಣಾಮವನ್ನು ಹುಡುಕುತ್ತ ಹೋದಾಗ ಒಂದು ಹಳೆಯ ಪ್ರಯೋಗ ಸಿಕ್ಕಿತು. 1950ರಲ್ಲಿ ಬರ್ನಾರ್ಡ್ ಲೀ ಎಂಬ ಅಮೆರಿಕದವರು, ಮನುಷ್ಯನಿಗೆ ಅವನ ಮಾತನ್ನೇ ಅರೆಗಳಿಗೆ ತಡಮಾಡಿ ಕಿವಿಗೆ ಹಾಯಿಸಿದರೆ ಆರೋಗ್ಯವಂತನೂ ತೊದಲುತ್ತಾನೆಂದು ತೋರಿಸಿದರು. ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸಿನ ವಿಳಂಬದಲ್ಲಿ ಈ ತೊದಲು ತುಂಬ ಹೆಚ್ಚು. ನಾಲಗೆ ಮುಂದಿನ ಅಕ್ಷರಕ್ಕೆ ಹೋಗಬೇಕಾದರೆ ಕಿವಿ ಹಿಂದಿನದು ಮುಗಿಯಿತೆಂದು ಹೇಳಬೇಕು. ಆ ವರದಿಯೇ ತಡವಾದರೆ ನಾಲಗೆ ಕಾಯುತ್ತ ನಿಲ್ಲುತ್ತದೆ, ಇಲ್ಲವೆ ಹೇಳಿದ್ದನ್ನೇ ಹೇಳುತ್ತದೆ. ತಾತನ ಬಾಯಲ್ಲಿ ನಾವು ಕೇಳಿದ್ದು ಇದನ್ನೇ.

ಇದನ್ನು ಹೇಳಲು ಅವರ ಮನೆಗೆ ಹೋದೆವು. ಜಗಲಿಯ ಮೇಲೆ ಕುಳಿತಿದ್ದರು. ಪ್ರಯೋಗ, ಅಮೆರಿಕ, ಮಿಲಿಸೆಕೆಂಡು, ಎಲ್ಲವನ್ನೂ ಸಮಾಧಾನದಿಂದ ಕೇಳಿ, "ನನ್ನ ಮನಸ್ಸಿಗೆ ಬೇಜಾರಾಗಬಾರ್ದು ಅಂತ ಹೇಳ್ತಿದೀರಿ, ಒಳ್ಳೇ ಮಕ್ಕಳು" ಎಂದರು. ಪುಸ್ತಕದ ಮಾತು ಇಲ್ಲಿ ನಡೆಯದೆಂದು ತಿಳಿದು, ಲ್ಯಾಪ್‌ಟಾಪನ್ನು ಅಲ್ಲಿಗೇ ತಂದು, ಅವರ ಮೊಮ್ಮಗನ ಕಿವಿಗೆ ಅದೇ ಇಯರ್‌ಫೋನು ಸಿಕ್ಕಿಸಿ, ಹದಿಮೂರರ ಮಗ್ಗಿ ಹೇಳೆಂದೆವು. ಹುಡುಗ ಏಳನೆಯ ತರಗತಿಯವನು, ಮಗ್ಗಿಯಲ್ಲಿ ಚುರುಕು. "ಹದಿಮೂರೊಂದ್ಲ" ಎಂದು ಆರಂಭಿಸಿದವನು ಮೂರನೆಯ ಸಾಲಿಗೇ "ಮೂ ಮೂ ಮೂವತ್ತೊಂ ಒಂ" ಎಂದು ನಿಂತುಬಿಟ್ಟ. ಅಜ್ಜಿ ಒಳಗಿನಿಂದ ನಗುತ್ತ ಬಂದರು. ಹುಡುಗ ಇಯರ್‌ಫೋನು ಕಿತ್ತು, ಅದೇ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸಿದ. ತಾತ ಅವನ ಕೈಯಿಂದ ಅದನ್ನು ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿ, "ಇಷ್ಟುದ್ದ ಇಲ್ಲ, ನನ್ನ ಮೂರು ವಾರ ನುಂಗಿಬಿಡ್ತಲ್ಲೋ ಇದು" ಎಂದರು. ಆ ಶನಿವಾರ ಭಜನೆಗೆ ಬಂದರು.

ಮುದ್ರಣದ ಕ್ರಮವನ್ನೂ ನಾವು ತಲೆಕೆಳಗು ಮಾಡಿದೆವು. ತಾತನ ಕಿವಿಗೆ ಏನನ್ನೂ ಹಾಕಲಿಲ್ಲ. ತಾಳವನ್ನು ಅವರ ಕೈಗೇ ಕೊಟ್ಟು, ಎದುರಿಗೊಂದು ಮೈಕು ಇಟ್ಟು, ಅವರ ಪಾಡಿಗೆ ಅವರು ಹಾಡಲೆಂದು ಬಿಟ್ಟೆವು. ಅವರು ಹಾಡಿದ ಮೇಲೆ ಅದನ್ನು ಕೇಳಿಕೊಂಡು ಹಾರ್ಮೋನಿಯಂ, ಅದರ ಮೇಲೆ ಬೇಸ್. ಅವರ ನಡೆ ಗಡಿಯಾರದಂತೆ ಒಂದೇ ಸಮ ಇರುವುದಿಲ್ಲ. ಚರಣದಲ್ಲಿ ತುಸು ಏರಿ ಪಲ್ಲವಿಗೆ ಇಳಿಯುತ್ತದೆ. ಉಳಿದವರು ಅದನ್ನು ಅನುಸರಿಸಬೇಕು. ಅಣ್ಣನಿಗೆ ಇದು ಬಹಳ ಕಷ್ಟದ ಪಾಠವಾಯಿತು. ಆದರೆ ಈ ಸಲ ತಪ್ಪಾದಾಗ ಅದು ಅವನದೇ ತಪ್ಪೆಂದು ಅವನಿಗೆ ಗೊತ್ತಿತ್ತು, ತಿದ್ದಿಕೊಳ್ಳಲು ದಾರಿಯೂ ಇತ್ತು.

ಇದುವರೆಗೆ ಆರು ಪದಗಳು ಆಗಿವೆ. ಲ್ಯಾಪ್‌ಟಾಪಿನ ಮುಚ್ಚಳದ ಒಳಗೆ 480 ಎಂದು ಬರೆದ ಚೀಟಿ ಅಂಟಿಸಿದ್ದೇವೆ. ಬಫರು ಬದಲಾಯಿಸಿದ ದಿನ ಮತ್ತೆ ಅಳೆದು ಹೊಸ ಚೀಟಿ. ಈಗ ಎದ್ದಿರುವ ತೊಂದರೆ ಬೇರೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅಲೆಯುತ್ತದೆ. ಬೇಸಿನ ದಪ್ಪ ತಂತಿಯ ಮೂರನೆಯ ಮೆಟ್ಟಿಲಿನ ಸ್ವರ 49 ಸಲ. ಮನೆಯ ಅರ್ತಿಂಗ್ ಸರಿಯಿಲ್ಲದ್ದರಿಂದ ಚಾರ್ಜರು ಹಾಕಿದೊಡನೆ ಗುಂಯ್ ಎಂಬ ಗುಂಗು ಹತ್ತುತ್ತದೆ, ಅಣ್ಣ ಆ ಮೆಟ್ಟಿಲಿಗೆ ಬಂದಾಗಲೆಲ್ಲ ಎರಡೂ ಸೇರಿ ಸೆಕೆಂಡಿಗೊಮ್ಮೆ ತೂಗಾಡುತ್ತವೆ. ಚಾರ್ಜರು ಕಿತ್ತರೆ ಗುಂಗು ಹೋಗುತ್ತದೆ. ಹಳೆಯ ಬ್ಯಾಟರಿಯಾದ್ದರಿಂದ ನಲವತ್ತು ನಿಮಿಷಕ್ಕೆ ಲ್ಯಾಪ್‌ಟಾಪೂ ಹೋಗುತ್ತದೆ. ತಾತನ ಒಂದು ದೊಡ್ಡ ಪದಕ್ಕೆ, ಮೂರು ಸಲ ಹಾಡಲು, ಅಷ್ಟು ಹೊತ್ತು ಸಾಕಾಗುತ್ತದೆ. ಏಳನೆಯದನ್ನು ಬರುವ ಭಾನುವಾರ ಬೆಳಗ್ಗೆ, ಅವರ ಕಂಠ ತಿಳಿಯಾಗಿರುವಾಗ, ಮುದ್ರಿಸುವುದೆಂದು ಗೊತ್ತಾಗಿದೆ.